ಸರಕು ಕಳಿಸುವ ದೇಶ, ಜನರನ್ನು ಕಳಿಸುವ ದೇಶ

ಕೊಡಗಿನ ರೋಬಸ್ಟಾ ಬೆಳೆಗಾರರಿಗೆ ವಿಯೆಟ್ನಾಂ ದೂರದ ದೇಶವೇನಲ್ಲ. ಅಲ್ಲಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಚೆರಿ ಮೂಟೆಯ ದರ ಏರುತ್ತದೆ; 2024ರಲ್ಲಿ ಆದದ್ದೂ ಅದೇ. ಫಿಲಿಪೀನ್ಸ್ ನಮಗೆ ಪರಿಚಯವಾದದ್ದು ಬೇರೆ ದಾರಿಯಲ್ಲಿ. ಇಲ್ಲಿ ವೈದ್ಯಕೀಯ ಸೀಟು ಸಿಗದೆ ದಾವಾವ್ ನಗರಕ್ಕೆ ಓದಲು ಹೋದ ಮಕ್ಕಳಿಂದ, ಕಾಲ್ ಸೆಂಟರ್ ಕೆಲಸಗಳಲ್ಲಿ ಬೆಂಗಳೂರಿಗೆ ಪೈಪೋಟಿ ಕೊಟ್ಟ ಮನಿಲಾದಿಂದ. ಒಂದು ದೇಶವನ್ನು ಅದರ ಸರಕಿನಿಂದ ಅರಿತೆವು, ಇನ್ನೊಂದನ್ನು ಅದರ ಜನರಿಂದ. ವ್ಯಾಪಾರಕ್ಕೆ, ವಾಸಕ್ಕೆ, ಪ್ರವಾಸಕ್ಕೆ ಎರಡರಲ್ಲಿ ಯಾವುದು ಮೇಲು ಎಂದು ಕೇಳುವವರು ಈ ವ್ಯತ್ಯಾಸದಿಂದಲೇ ಶುರುಮಾಡಬೇಕು.

ಎರಡೂ ದೇಶಗಳ ಜನಸಂಖ್ಯೆ 10 ಕೋಟಿ ದಾಟಿದೆ. ತಲಾ ಆದಾಯ ಎರಡರಲ್ಲೂ ವರ್ಷಕ್ಕೆ 4,000 ಡಾಲರಿನ ಮೇಲೆ ಕೆಳಗೆ. ವಿಯೆಟ್ನಾಂ ತುಸು ಮುಂದೆ. ಅರವತ್ತು ವರ್ಷಗಳ ಹಿಂದೆ ಹೀಗಾದೀತು ಎಂದು ಹೇಳಿದ್ದರೆ ಜನ ನಗುತ್ತಿದ್ದರು. 1966ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಹುಟ್ಟಿದಾಗ ಕೇಂದ್ರ ಕಚೇರಿಗೆ ಟೋಕಿಯೊವನ್ನು ಬಿಟ್ಟು ಮನಿಲಾವನ್ನು ಆರಿಸಲಾಯಿತು. ನಮ್ಮ ಗದ್ದೆಗಳಿಗೂ ಬಂದ ಐಆರ್-8 ಭತ್ತದ ತಳಿ ಬಿಡುಗಡೆಯಾದದ್ದು ಅದೇ ವರ್ಷ, ಫಿಲಿಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ. ಆಗ ವಿಯೆಟ್ನಾಂ ಯುದ್ಧದಲ್ಲಿ ಬೇಯುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಹೊರಗಿನಿಂದ ಅತಿ ಹೆಚ್ಚು ಅಕ್ಕಿ ತರಿಸಿಕೊಂಡ ದೇಶ ಫಿಲಿಪೀನ್ಸ್. ಆ ಅಕ್ಕಿಯಲ್ಲಿ ಬಹುಪಾಲು ವಿಯೆಟ್ನಾಂನದು!

ವಿಯೆಟ್ನಾಂ ತಿರುಗಿಕೊಂಡದ್ದು 1986ರ 'ದೊಯ್ ಮೊಯ್' ಸುಧಾರಣೆಗಳಿಂದ. ಕಮ್ಯುನಿಸ್ಟ್ ಪಕ್ಷ ಅಧಿಕಾರವನ್ನು ಬಿಡದೆ ಮಾರುಕಟ್ಟೆಯನ್ನು ಒಳಗೆ ಬಿಟ್ಟುಕೊಂಡಿತು. 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ, 2020ರಲ್ಲಿ ಯುರೋಪ್ ಒಕ್ಕೂಟದೊಡನೆ ಮುಕ್ತ ವ್ಯಾಪಾರ ಒಪ್ಪಂದ. ನಡುವೆ ಬಾಕ್ ನಿನ್, ಥಾಯ್ ಙುಯೆನ್ ಪ್ರಾಂತ್ಯಗಳಲ್ಲಿ ಸ್ಯಾಮ್‌ಸಂಗ್ ಬೃಹತ್ ಕಾರ್ಖಾನೆಗಳನ್ನು ಕಟ್ಟಿತು. 2024ರಲ್ಲಿ ವಿಯೆಟ್ನಾಂ ರಫ್ತು ಮಾಡಿದ ಸರಕು 400 ಶತಕೋಟಿ ಡಾಲರ್ ದಾಟಿತು. ಫಿಲಿಪೀನ್ಸ್‌ನದು ಅದರ ಐದನೇ ಒಂದು ಭಾಗಕ್ಕೂ ಕಡಿಮೆ. ಕಾರ್ಖಾನೆ ಹಾಕಬೇಕೆನ್ನುವವರ ಮಟ್ಟಿಗೆ ಚರ್ಚೆ ಇಲ್ಲಿಗೇ ಮುಗಿಯಿತು ಅನ್ನಿಸಬಹುದು.

ಆದರೆ ಈ ರಫ್ತಿನ ಸುಮಾರು ಶೇ 70ರಷ್ಟು ವಿದೇಶಿ ಬಂಡವಾಳದ ಕಂಪನಿಗಳದು. ಬಿಡಿಭಾಗ ಹೊರಗಿನಿಂದ ಬಂದು, ಜೋಡಣೆಯಾಗಿ, ಮತ್ತೆ ಹೊರಗೆ ಹೋಗುತ್ತದೆ. ಹಾಗೆ ಹೋಗುವ ಸರಕಿನ ದೊಡ್ಡ ಗಿರಾಕಿ ಅಮೆರಿಕ. ಅದೊಂದನ್ನೇ ಇಷ್ಟೊಂದು ನೆಚ್ಚಿಕೊಂಡರೆ ಏನಾಗುತ್ತದೆಂದು 2025ರ ಏಪ್ರಿಲ್‌ನಲ್ಲಿ ಗೊತ್ತಾಯಿತು: ಟ್ರಂಪ್ ಘೋಷಿಸಿದ ಸುಂಕ ವಿಯೆಟ್ನಾಂಗೆ ಶೇ 46, ಫಿಲಿಪೀನ್ಸ್‌ಗೆ ಶೇ 17. ಮಾತುಕತೆಯಾದ ಮೇಲೆ ಅದು ಶೇ 20 ಮತ್ತು ಶೇ 19ಕ್ಕೆ ಬಂದು ನಿಂತಿತು. ಅಂತೂ ಹನೋಯ್‌ನಲ್ಲಿ ಆ ಮೂರು ತಿಂಗಳು ಯಾರಿಗೂ ನೆಮ್ಮದಿಯ ನಿದ್ದೆ ಬಂದಿರಲಿಕ್ಕಿಲ್ಲ. ವಿದ್ಯುತ್ತಿನ ಕಥೆಯೂ ಇದೆ. 2023ರ ಬೇಸಿಗೆಯಲ್ಲಿ ಜಲಾಶಯಗಳು ತಳ ಕಂಡು ಉತ್ತರದ ಕೈಗಾರಿಕಾ ವಲಯಗಳಲ್ಲಿ ಕರೆಂಟು ಹೋಯಿತು. ಸರ್ಕಾರ 500 ಕಿಲೋವೋಲ್ಟಿನ ಹೊಸ ಮಾರ್ಗವನ್ನು ಮರುವರ್ಷ ಆಗಸ್ಟ್ ಹೊತ್ತಿಗೆ ಎಳೆದು ಮುಗಿಸಿತು. ಏಕಪಕ್ಷ ಆಡಳಿತದ ಒಳಿತೂ ಕೆಡುಕೂ ಇದರಲ್ಲೇ ಇದೆ. ಮೇಲಿನವರು ಮನಸ್ಸು ಮಾಡಿದರೆ ಕೆಲಸ ಓಡುತ್ತದೆ. ಮಾಡದಿದ್ದರೆ ದೂರು ಹೇಳಿಕೊಳ್ಳಲು ಸ್ವತಂತ್ರ ಪತ್ರಿಕೆಯೂ ಇಲ್ಲ, ವಿರೋಧ ಪಕ್ಷವೂ ಇಲ್ಲ.

ಫಿಲಿಪೀನ್ಸ್‌ನ ಬಲ ಕಾರ್ಖಾನೆಯ ಗೋಡೆಯೊಳಗೆ ಕಾಣಿಸುವುದಿಲ್ಲ. ಹಡಗಿನಲ್ಲಿ, ಕೊಲ್ಲಿಯ ಆಸ್ಪತ್ರೆಗಳಲ್ಲಿ, ಹಾಂಗ್‌ಕಾಂಗ್‌ನ ಮನೆಗಳಲ್ಲಿ ದುಡಿಯುವವರು ಊರಿಗೆ ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಶೇ 8ರಷ್ಟಾಗುತ್ತದೆ. ದೇಶದೊಳಗೆ ಉಳಿದವರಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿ ಕಾಲ್ ಸೆಂಟರ್ ಮತ್ತು ಬಿಪಿಒಗಳಲ್ಲಿದ್ದಾರೆ. ಸಾಫ್ಟ್‌ವೇರ್ ಸೇವೆ, ಲೆಕ್ಕಪತ್ರ, ವಿಮೆಯ ಕಡತ ನೋಡುವಂಥ ಕೆಲಸವಾದರೆ ಇಂಗ್ಲಿಷ್ ಬಲ್ಲ ತರುಣರು ಮನಿಲಾ, ಸೆಬುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಕರಾರುಪತ್ರ, ಕಾನೂನು, ಕೋರ್ಟು ಎಲ್ಲವೂ ಇಂಗ್ಲಿಷಿನಲ್ಲಿ. ಸಣ್ಣ ಉದ್ಯಮಿಗೆ ಇದು ಎಂಥ ಅನುಕೂಲವೆಂದು ವಿಯೆಟ್ನಾಮೀ ಭಾಷೆಯ ಪರವಾನಗಿ ಅರ್ಜಿ ಹಿಡಿದು ಕೂತವರನ್ನು ಕೇಳಬೇಕು.

ಫಿಲಿಪೀನ್ಸ್‌ನ ತೊಡಕು ಬೇರೆ. 1987ರ ಸಂವಿಧಾನವೇ ವಿದೇಶಿಯರ ಪಾಲನ್ನು ಅನೇಕ ಕ್ಷೇತ್ರಗಳಲ್ಲಿ ಶೇ 40ಕ್ಕೆ ಕಟ್ಟಿಹಾಕಿದೆ. 2022ರಲ್ಲಿ ಕಾಯ್ದೆ ತಿದ್ದಿ ದೂರಸಂಪರ್ಕ, ವಿಮಾನಯಾನ, ರೈಲಿನ ಬಾಗಿಲು ತೆರೆದರು. ಭೂಮಿಯದು ಮಾತ್ರ ಹಾಗೇ ಉಳಿಯಿತು. ಕಂಪನಿ ತೆರಿಗೆ ಸಾಮಾನ್ಯವಾಗಿ ಶೇ 25, ವಿಯೆಟ್ನಾಂನಲ್ಲಿ ಶೇ 20. ಫಿಲಿಪೀನ್ಸ್‌ನ ವಿದ್ಯುತ್ ದರವಂತೂ ಆಗ್ನೇಯ ಏಷ್ಯಾದಲ್ಲೇ ದುಬಾರಿ ಪಟ್ಟಿಯಲ್ಲಿದೆ. 7,641 ದ್ವೀಪಗಳ ದೇಶದಲ್ಲಿ ಸರಕನ್ನು ಲಾರಿಯಿಂದ ಹಡಗಿಗೆ, ಹಡಗಿನಿಂದ ಲಾರಿಗೆ ಹತ್ತಿಸಿ ಇಳಿಸುವ ಖರ್ಚು ಲಾಭವನ್ನೇ ತಿಂದುಹಾಕುತ್ತದೆ.

ವಾಸದ ವಿಷಯಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ, ಆದರೆ ಪೂರ್ತಿ ಅಲ್ಲ. ನೆರೆಯವರೊಡನೆ ಹರಟಬೇಕು, ಡಾಕ್ಟರಿಗೆ ಹೊಟ್ಟೆನೋವು ವಿವರಿಸಬೇಕು, ಮಕ್ಕಳನ್ನು ಶಾಲೆಗೆ ಹಾಕಬೇಕು ಎನ್ನುವವರಿಗೆ ಫಿಲಿಪೀನ್ಸ್ ಸುಲಭ. ನಿವೃತ್ತರಿಗೆಂದೇ ಅಲ್ಲಿ ಪ್ರತ್ಯೇಕ ವೀಸಾ ಇದೆ; ವಿಯೆಟ್ನಾಂನಲ್ಲಿ ಅಂಥದ್ದಿಲ್ಲ. ಬರೆಯುವ ಸ್ವಾತಂತ್ರ್ಯವೂ ಲೆಕ್ಕಕ್ಕೆ ಬರುತ್ತದೆ. ಫಿಲಿಪೀನ್ಸ್‌ನ ಪತ್ರಕರ್ತೆ ಮರಿಯಾ ರೆಸಾ ಮೇಲೆ ಅಲ್ಲಿನ ಸರ್ಕಾರ ಕೇಸುಗಳನ್ನು ಹೇರಿದ್ದು ನಿಜ. ಆದರೂ ಆಕೆ ಬರೆಯುತ್ತಲೇ ಇದ್ದರು, 2021ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ವಿಯೆಟ್ನಾಂನಲ್ಲಿ ಫೇಸ್‌ಬುಕ್ ಬರಹಕ್ಕೆ ಜೈಲಾಗುತ್ತದೆ. ಬಾಡಿಗೆಗೆ ಬಂದ ವಿದೇಶಿಯ ವಿವರವನ್ನು ಮನೆ ಮಾಲೀಕರು ಪೊಲೀಸರಿಗೆ ಕೊಡಬೇಕು.

ಹಾಗಿದ್ದೂ ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ಒಬ್ಬಳೇ ನಡೆಯಬೇಕಾದ ಹೆಣ್ಣುಮಗಳಿಗೆ ನಾನು ವಿಯೆಟ್ನಾಂನ ದಾ ನಾಂಗ್ ನಗರವನ್ನೇ ಹೇಳಿಯೇನು. ಫಿಲಿಪೀನ್ಸ್‌ನಲ್ಲಿ ಅಂಗಡಿ, ಬ್ಯಾಂಕಿನ ಮುಂದೆ ಬಂದೂಕು ಹಿಡಿದ ಕಾವಲುಗಾರ ಸಾಮಾನ್ಯ ದೃಶ್ಯ. ಮನಿಲಾದ ಟ್ರಾಫಿಕ್ ಬೆಂಗಳೂರಿನವರಿಗೂ ಸಾಕೆನಿಸುತ್ತದೆ. ಹನೋಯ್‌ಗೆ ಚಳಿಗಾಲದ ಹೊಗೆಯ ಕಾಟ. ಬಾಡಿಗೆ, ಕರೆಂಟು ಬಿಲ್ಲು, ಬೀದಿ ಊಟ ಒಟ್ಟಾರೆ ವಿಯೆಟ್ನಾಂನಲ್ಲಿ ಅಗ್ಗ.

ಮಕ್ಕಳನ್ನು ವೈದ್ಯಕೀಯ ಓದಲು ಕಳಿಸುವ ತಂದೆತಾಯಿಗಳಿಗೆ ಒಂದು ಮಾತು. ಫಿಲಿಪೀನ್ಸ್‌ನಲ್ಲಿ ಎಂ.ಡಿ. ಎನ್ನುವ ಮೂಲ ವೈದ್ಯ ಪದವಿಗೆ ಮುಂಚೆ ಬಿ.ಎಸ್. ಎಂಬ ಪೂರ್ವ ಕೋರ್ಸ್ ಇದೆ. 2021ರಲ್ಲಿ ಬಂದ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಕನಿಷ್ಠ 54 ತಿಂಗಳ ವೈದ್ಯಕೀಯ ಶಿಕ್ಷಣ ಕೇಳುತ್ತದೆ, ಬಿ.ಎಸ್. ಅದರ ಲೆಕ್ಕಕ್ಕಿಲ್ಲ. ಏಜೆಂಟರು ಹೇಳುವುದನ್ನೇ ನಂಬದೆ ಆಯೋಗದ ನಿಯಮವನ್ನು ಖುದ್ದು ಓದಿ.

ಪ್ರವಾಸದಲ್ಲಿ ಅಂಕಿಅಂಶವೇ ಮಾತಾಡುತ್ತದೆ. 2024ರಲ್ಲಿ ವಿಯೆಟ್ನಾಂಗೆ ಬಂದ ವಿದೇಶಿಯರು ಸುಮಾರು 1.75 ಕೋಟಿ, ಫಿಲಿಪೀನ್ಸ್‌ಗೆ 60 ಲಕ್ಷದೊಳಗೆ. ಫಿಲಿಪೀನ್ಸ್‌ನ ಎಲ್ ನಿಡೊದ ಕಡಲು, ಬನೌವೆಯ ಮೆಟ್ಟಿಲು ಗದ್ದೆಗಳು ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಗೆ ಯಾವುದರಲ್ಲೂ ಕಡಿಮೆಯಿಲ್ಲ. ಕಡಿಮೆಯಿರುವುದು ದಾರಿ. ವಿಯೆಟ್ನಾಂನಲ್ಲಿ ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಒಂದೇ ರೈಲು ಹಳಿಯಲ್ಲಿ ಇಳಿದು ಹತ್ತಿ ದೇಶ ನೋಡಬಹುದು. ಮಧ್ಯೆ ಮಿ ಸೋನ್‌ನ ಶಿವಾಲಯಗಳು ಸಿಗುತ್ತವೆ. ಚಾಮ್ ಅರಸರ ಕಾಲದ ಆ ಗುಡಿಗಳ ದುರಸ್ತಿಯಲ್ಲಿ ನಮ್ಮ ಪುರಾತತ್ವ ಇಲಾಖೆ ತೊಡಗಿದ್ದಾಗ 2020ರಲ್ಲಿ 9ನೇ ಶತಮಾನದ ಏಕಶಿಲಾ ಲಿಂಗ ಸಿಕ್ಕಿತು. ಸಸ್ಯಾಹಾರಿಗಳು 'ಚಾಯ್' ಎಂದು ಬೋರ್ಡು ಹಾಕಿದ ಹೋಟೆಲು ಹುಡುಕಿದರೆ ಸಾಕು, ಬೌದ್ಧರ ವ್ರತದ ಊಟ ಸಿಗುತ್ತದೆ. ಫಿಲಿಪೀನ್ಸ್‌ನಲ್ಲಿ ತರಕಾರಿ ಪಲ್ಯಕ್ಕೂ ಸಿಗಡಿ ಗೊಜ್ಜು ಬೀಳುವುದರಿಂದ ಅನ್ನ ಹಣ್ಣಿನಲ್ಲಿ ದಿನ ದೂಡಬೇಕಾದೀತು.

ವೀಸಾ ವಿಷಯದಲ್ಲಿ ಮಾತ್ರ ಫಿಲಿಪೀನ್ಸ್ ಧಾರಾಳ. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರಿಗೆ 14 ದಿನ ವೀಸಾ ಬೇಡ. ಆದರೆ ಆ ಅವಧಿಯನ್ನು ಅಲ್ಲಿ ಹೋಗಿ ವಿಸ್ತರಿಸಲಾಗದು. ವಿಯೆಟ್ನಾಂಗೆ 25 ಡಾಲರಿನ ಇ-ವೀಸಾ ಬೇಕು, 90 ದಿನದವರೆಗೆ ಇರಬಹುದು.

ನನ್ನ ತೀರ್ಪು ಹೀಗೆ: ಸರಕು ತಯಾರಿಸುವವರು ವಿಯೆಟ್ನಾಂಗೆ, ಸೇವೆ ಮಾರುವವರು ಫಿಲಿಪೀನ್ಸ್‌ಗೆ. ಮೊದಲ ಪ್ರವಾಸ ವಿಯೆಟ್ನಾಂಗೆ, ವರ್ಷಗಟ್ಟಲೆ ವಾಸಕ್ಕೆ ಫಿಲಿಪೀನ್ಸ್, ಅದೂ ಮನಿಲಾ ಬಿಟ್ಟು. ಎಲ್ಲಿಗೇ ಹೊರಟರೂ ಟಿಕೆಟ್ ಮಾಡಿಸುವ ಮುಂಚೆ ಹವಾಮಾನ ನೋಡಿ: ಫಿಲಿಪೀನ್ಸ್ ಸುತ್ತ ವರ್ಷಕ್ಕೆ ಇಪ್ಪತ್ತರಷ್ಟು ಚಂಡಮಾರುತಗಳು ಬರುತ್ತವೆ, ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯ ವಿಯೆಟ್ನಾಂನ ಹೊಯ್ ಆನ್ ಬೀದಿಗಳಿಗೆ ನೆರೆ ನುಗ್ಗುತ್ತದೆ.