ತೂತು ಸಣ್ಣದು ಸರಿ, ವಯಸ್ಸು?

"ಮೂರ್ನಾಲ್ಕು ಸಣ್ಣ ತೂತು ಅಷ್ಟೇ, ಎರಡು ದಿನಕ್ಕೆ ಮನೆಗೆ ಬರ್ತಾರೆ." ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ ಅಂದ ತಕ್ಷಣ ಎಲ್ಲರೂ ಹೇಳುವ ಮಾತು ಇದು. ಸುಳ್ಳೇನಲ್ಲ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಹೀಗೆ ಪಿತ್ತಕೋಶ ತೆಗೆದಾಗ ಅಲ್ಲಿನ ಸರ್ಜನ್ನರೇ ಒಪ್ಪಿರಲಿಲ್ಲ, ಈಗ ಅದೇ ಮಾಮೂಲಿ. ಆದರೆ ಮನೆಗೆ ಬಂದ ಮೇಲೆ ನಾವು ಮಾಡೋದಿದೆಯಲ್ಲ, ನನ್ನ ತಕರಾರು ಅದರ ಬಗ್ಗೆ.

ನಮ್ಮ ಸೋದರತ್ತೆಗೆ ಎಪ್ಪತ್ತನಾಲ್ಕು. ಸಂತೆಗೆ ನಡೆದೇ ಹೋಗಿ ಬರುತ್ತಿದ್ದವರು. ಆಪರೇಷನ್ ಚೆನ್ನಾಗೇ ಆಯ್ತು. ಮನೆಯವರು ಮಾತ್ರ ಅವರನ್ನು ಬಾಣಂತಿ ಹಾಗೆ ಮಲಗಿಸಿಬಿಟ್ಟರು. ನೀರಿನ ಲೋಟವೂ ಮಂಚಕ್ಕೇ ಬರುತ್ತಿತ್ತು. ಪಥ್ಯ ಅಂತ ಗಂಜಿ, ತಿಳಿಸಾರು. ಹದಿನೈದು ದಿನದಲ್ಲಿ ಹೊಟ್ಟೆಯ ಗಾಯ ಮಾಯ್ತು, ಕಾಲು ಸೋತಿತು. ಈಗ ಬಚ್ಚಲಿಗೆ ಹೋಗೋಕೂ ಗೋಡೆ ಹಿಡೀಬೇಕು.

ಇದು ಅವರೊಬ್ಬರ ಹಣೆಬರಹ ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯಾವ ಕಾಯಿಲೆಯೂ ಇಲ್ಲದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಇಟ್ಟಿದ್ದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು! ಆರೋಗ್ಯವಂತರ ಕತೆಯೇ ಹೀಗಾದರೆ ಆಪರೇಷನ್ ಆದವರದ್ದು? ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಿಂದಲೂ ಹೇಳಿದ್ದು ಇದನ್ನೇ: ಬೇಗ ಎಬ್ಬಿಸಿ, ಬೇಗ ಊಟ ಕೊಡಿ, ನೋವು ಚೆನ್ನಾಗಿ ತಗ್ಗಿಸಿ. ನೋವಿದ್ದರೆ ಯಾರು ತಾನೇ ಎದ್ದು ನಡೀತಾರೆ?

ಹೊಟ್ಟೆಗೆ ಆಪರೇಷನ್ ಆದರೆ ಹೆಗಲು ನೋಯುತ್ತೆ ಅಂತ ಅತ್ತೆ ಹೇಳಿದಾಗ ಯಾರೂ ನಂಬಲಿಲ್ಲ. ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸು ವಪೆಯನ್ನು ಕೆಣಕಿದರೆ ನೋವು ಕಾಣೋದು ಹೆಗಲಲ್ಲಿ, ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತೆ. (ಎದೆನೋವು, ಉಸಿರಾಟದ ತೊಂದರೆ ಇದ್ದರೆ ಮಾತ್ರ ಕಾಯಬೇಡಿ.) ಇನ್ನು ರಾತ್ರಿ ಹೊತ್ತು ಏನೇನೋ ಮಾತಾಡಿದರೆ "ಅರಳು ಮರಳು" ಅಂತ ಸುಮ್ಮನಾಗೋದು ಬೇಡ. ವಯಸ್ಸಾದವರಲ್ಲಿ ಆಪರೇಷನ್ ನಂತರ ಹೀಗೆ ಗಲಿಬಿಲಿ ಆಗೋದುಂಟು, ಡಾಕ್ಟರಿಗೆ ತಿಳಿಸಬೇಕು. ಕನ್ನಡಕ, ಕಿವಿಯ ಮಿಷನ್ ಕಪಾಟಿನಲ್ಲಿ ಭದ್ರವಾಗಿ ಇಡೋ ಬದಲು ಅವರಿಗೇ ಕೊಟ್ಟರೆ ಅರ್ಧ ಗಲಿಬಿಲಿ ತಪ್ಪೀತು.

ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಿನಲ್ಲಿ ಒಂದು ಅನುಕೂಲ ಇದೆ, ತಯಾರಿಗೆ ಸಮಯ ಸಿಗುತ್ತೆ. ಅಷ್ಟು ದಿನ ದಿನಾ ನಡೆಸಿ, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಡಿ. ಡಿಸ್ಚಾರ್ಜ್ ಮಾಡುವಾಗ ಯಾವತ್ತಿಂದ, ಎಷ್ಟು ನಡೆಸಬೇಕು ಅಂತ ಕೇಳಿ ಬರೆಸಿಕೊಳ್ಳಿ. ನಮ್ಮತ್ತೆಯ ಚೀಟಿಯಲ್ಲಿ ಐದು ಮಾತ್ರೆಯ ಹೆಸರಿತ್ತು, ನಡಿಗೆ ಬಗ್ಗೆ ಒಂದು ಸಾಲೂ ಇರಲಿಲ್ಲ.