ಲೇಸರಿನ ಕಡಿವಾಣ ಯಾರ ಕೈಯಲ್ಲಿ?

ಪ್ರಯೋಗಾಲಯಕ್ಕೆ ದಾನ ನೀಡುವ ಮಹನೀಯರು ಯಂತ್ರದ ಬೆಲೆಯನ್ನು ವಿಚಾರಿಸುತ್ತಾರೆ, ಅದರ ಬಾಳಿಕೆಯನ್ನೂ ವಿಚಾರಿಸುತ್ತಾರೆ. ಅದನ್ನು ನಡೆಸುವ ಸಾಫ್ಟ್‌ವೇರನ್ನು ಬಳಸುವವರು ತೆರೆದು ಓದಬಹುದೇ ಎಂದು ಕೇಳುವವರು ವಿರಳ. ಈ ಪ್ರಶ್ನೆ ಎಷ್ಟು ಗುರುತರವಾದುದೆಂಬುದನ್ನು ಶ್ರುತಿಗೊಳಿಸಬಲ್ಲ ಲೇಸರಿನ ದೃಷ್ಟಾಂತವೊಂದೇ ಮನಗಾಣಿಸಬಲ್ಲುದು.

1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಹೊರಡಿಸಿದ ಪ್ರಥಮ ಲೇಸರಿಗೆ ಒಂದೇ ಬಣ್ಣ, ಕಡುಗೆಂಪು. 1966ರಲ್ಲಿ ವರ್ಣದ್ರವ್ಯಗಳ ದ್ರಾವಣದಿಂದ ಬೆಳಗುವ ಲೇಸರುಗಳು ಬಂದವು. ಮರುವರ್ಷವೇ ಅದರ ಒಂದು ಕನ್ನಡಿಯ ಸ್ಥಾನದಲ್ಲಿ ಸೂಕ್ಷ್ಮ ಗೆರೆಗಳನ್ನು ಕೊರೆದ ಗ್ರೇಟಿಂಗ್ ಫಲಕವನ್ನಿರಿಸಿ, ಅದನ್ನು ತಿರುಗಿಸಿದಂತೆಲ್ಲ ಬೆಳಕಿನ ತರಂಗದೂರ ಬದಲಾಗುವಂತೆ ಮಾಡಲಾಯಿತು. ವೈಣಿಕನು ಬಿರಡೆಯನ್ನು ತಿರುವಿ ತಂತಿಯನ್ನು ಶ್ರುತಿಗೆ ತರುವಂತೆ, ಪ್ರಯೋಗಕಾರನ ಬೆರಳು ಬೆಳಕನ್ನು ಶ್ರುತಿಗೆ ತರತೊಡಗಿತು.

ಇಂದು ಬೆರಳಿನಿಂದ ಆಗುವ ಕೆಲಸ ಅದಲ್ಲ. ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸುವ ಪ್ರಯೋಗಗಳು ನಡೆಯುತ್ತವೆ. ಇಂಥ ಪ್ರಯೋಗಗಳಲ್ಲಿ ಬಹುವಾಗಿ ಬಳಸುವ ಧಾತು ರುಬಿಡಿಯಂ. ಅದು ಸುಮಾರು 780 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ, ಎಂದರೆ ಸೆಕೆಂಡಿಗೆ 384 ಲಕ್ಷ ಕೋಟಿ ಕಂಪನಗಳಿಗೆ, ಓಗೊಡುತ್ತದೆ. ಆದರೆ ಅದು ಸಹಿಸುವ ವ್ಯತ್ಯಾಸ ಸುಮಾರು 60 ಲಕ್ಷ ಕಂಪನಗಳಷ್ಟು ಮಾತ್ರ. ಆರು ಕೋಟಿಯಲ್ಲಿ ಒಂದು ಪಾಲು! ಅರೆವಾಹಕ ಲೇಸರಿನ ಉಷ್ಣತೆ ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲು ಬದಲಾದರೂ ಬೆಳಕು ಆ ಗುರಿಯಿಂದ ಜಾರಬಹುದು. ಉಷ್ಣತೆ, ವಿದ್ಯುತ್ ಪ್ರವಾಹ, ಗ್ರೇಟಿಂಗಿನ ಕೋನ ಈ ಮೂರನ್ನೂ ಏಕಕಾಲಕ್ಕೆ ಹಿಡಿದಿಡಬೇಕು. ತಪ್ಪಿದರೆ ತರಂಗದೂರವು ಮೆಲ್ಲನೆ ಸರಿಯದೆ, ಮೆಟ್ಟಿಲು ತಪ್ಪಿದವನಂತೆ ಒಮ್ಮೆಲೇ ಬೇರೊಂದು ನೆಲೆಗೆ ಹಾರಿಬಿಡುತ್ತದೆ. ಕ್ಷಣಕ್ಷಣದ ಏರಿಳಿತಗಳನ್ನು ವಿದ್ಯುನ್ಮಂಡಲಗಳು ತಿದ್ದುತ್ತವೆ. ಹಿಡಿತ ತಪ್ಪಿತೆಂದು ಅರಿಯುವುದು, ಕಳೆದ ಗುರಿಯನ್ನು ಹುಡುಕುವುದು, ಮರಳಿ ಅಲ್ಲಿ ನಿಲ್ಲಿಸುವುದು, ನಡೆದುದೆಲ್ಲವನ್ನೂ ದಾಖಲಿಸುವುದು, ಇವೆಲ್ಲ ಸಾಫ್ಟ್‌ವೇರಿನ ಕಾಯಕ.

ಆದುದರಿಂದ ಸಾಫ್ಟ್‌ವೇರ್ ಎಂಬುದು ಯಂತ್ರದ ಹೊರಗಿನ ಅಲಂಕಾರವಲ್ಲ, ಪ್ರಯೋಗದ ಅಂಗವೇ ಆಗಿದೆ. ಈ ಅಂಗವು ಬೀಗ ಹಾಕಿದ ಪೆಟ್ಟಿಗೆಯಾಗಿ ಬಂದರೆ ವಿಜ್ಞಾನಿಯು ಗುಂಡಿ ಒತ್ತುವವನಾಗಿ ಉಳಿಯುತ್ತಾನೆ. ದೊರೆತ ಫಲಿತಾಂಶ ಪರಮಾಣುವಿನದೋ ಪ್ರೋಗ್ರಾಮಿನದೋ ಎಂದು ಪರೀಕ್ಷಿಸಲು ಅವನಲ್ಲಿ ಸಾಧನವಿರುವುದಿಲ್ಲ. ಮತ್ತೊಂದು ಕೇಡೂ ಉಂಟು. ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರ ಬೆಂಬಲ 2014ರಲ್ಲಿ ನಿಂತಿತು. ಆ ವ್ಯವಸ್ಥೆಯಲ್ಲಿ ಮಾತ್ರ ನಡೆಯುವ ಪ್ರೋಗ್ರಾಮಿಗೆ ಕಟ್ಟುಬಿದ್ದ ಲೇಸರು ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಹಳೆಯ ಕಂಪ್ಯೂಟರು ಕೆಟ್ಟ ದಿನವೇ ಅದೂ ಮೂಲೆ ಸೇರುತ್ತದೆ. ದಾನಿಯ ಹಣ ಹೀಗೆ ವ್ಯರ್ಥವಾಗುವುದು ಶೋಚನೀಯ.

ಸಿದ್ಧ ಪ್ರೋಗ್ರಾಮಿನಿಂದ ಸೌಕರ್ಯವುಂಟು, ಬೆಲೆಬಾಳುವ ಲೇಸರನ್ನು ಅನನುಭವಿಯು ಕೆಡಿಸದಂತೆ ಅದು ಕಾಯುತ್ತದೆ ಎಂಬ ತಯಾರಕರ ವಾದವನ್ನು ತಳ್ಳಿಹಾಕಲಾಗದು. ಆದರೆ ರಕ್ಷಣೆಗಾಗಿ ಪ್ರವಾಹದ ಮಿತಿಯನ್ನು ಯಂತ್ರದೊಳಗೇ ಬಿಗಿಯಬಹುದು. ಆದೇಶಗಳ ಭಾಷೆಯನ್ನು ಬಚ್ಚಿಡಬೇಕಾದ ಅಗತ್ಯ ಅದರಿಂದ ಹುಟ್ಟುವುದಿಲ್ಲ. ಬೇರೆಬೇರೆ ಉಪಕರಣಗಳು ಕಂಪ್ಯೂಟರಿನೊಡನೆ ಮಾತನಾಡಲು ಸಮಾನ ಸಂಪರ್ಕವೊಂದು 1975ರಲ್ಲಿ, ಸಮಾನ ಆದೇಶಭಾಷೆಯೊಂದು 1990ರಲ್ಲಿ ಪ್ರಕಟವಾದವು. ತಯಾರಕರು ಒಪ್ಪಿ ನಡೆದರೆ ಇದು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಪೈಥಾನ್ ಭಾಷೆಯಲ್ಲಿ ಉಪಕರಣಗಳನ್ನು ನಡೆಸುವ ಪೈವೀಸಾ, ಅಯಾನುಗಳ ಪ್ರಯೋಗಗಳಿಗಾಗಿ ರೂಪುಗೊಂಡ ಆರ್ಟಿಕ್ ಮುಂತಾದವನ್ನು ಅವುಗಳ ಕರ್ತೃಗಳು ಎಲ್ಲರೂ ಓದಿ ತಿದ್ದುವಂತೆ ತೆರೆದಿಟ್ಟಿದ್ದಾರೆ. ದಾಸೋಹದ ಅರ್ಥ ಬಲ್ಲವರಿಗೆ ಇದರ ಹಿರಿಮೆಯನ್ನು ವಿವರಿಸಬೇಕಾಗಿಲ್ಲ.

ಪ್ರೌಢಶಾಲೆಗೆ ಇಂಥ ಲೇಸರು ಬೇಕಿಲ್ಲ. ಅದು ದುಬಾರಿ, ಕಣ್ಣಿಗೂ ಅಪಾಯ. ದಾನಿಗಳು ಒದಗಿಸಬಹುದಾದುದು ಒಂದು ಮುಚ್ಚಿದ ಪೆಟ್ಟಿಗೆ, 12 ವೋಲ್ಟಿನ ಬಲ್ಬು, ಉಷ್ಣತೆಯನ್ನು ಅಳೆಯುವ ಚಿಕ್ಕ ಸಾಧನ, ಆರ್ಡುಯಿನೋದಂಥ ನಿಯಂತ್ರಣ ಫಲಕ. ಪೆಟ್ಟಿಗೆಯೊಳಗಿನ ಉಷ್ಣತೆಯನ್ನು 40 ಡಿಗ್ರಿಯಲ್ಲಿ ನಿಲ್ಲಿಸುವ ಪ್ರೋಗ್ರಾಮನ್ನು ವಿದ್ಯಾರ್ಥಿಗಳೇ ಬರೆಯಲಿ. ಬಲ್ಬನ್ನು ಹೊತ್ತಿಸಿ ಆರಿಸುವುದಷ್ಟೇ ಆದರೆ ಉಷ್ಣತೆ ಗುರಿಯ ಆಚೆಈಚೆ ತೂಗಾಡುತ್ತಲೇ ಇರುತ್ತದೆ. ವ್ಯತ್ಯಾಸ ಎಷ್ಟೋ ಅದಕ್ಕೆ ತಕ್ಕಷ್ಟೇ ಪ್ರವಾಹವನ್ನು ಹೊಂದಿಸಿದರೆ ತೂಗಾಟ ತಗ್ಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಲೇಸರಿನ ಉಷ್ಣತೆಯನ್ನು ಕಾಯುವ ಪ್ರೋಗ್ರಾಮಿನಲ್ಲೂ ಮೊದಲಿಗೆ ಬರುವುದು ಇದೇ ಲೆಕ್ಕ.