ರಿಯಲ್ ಅನಾಲಿಸಿಸ್‌ನ ಅರುವತ್ತು ಅಂಕಕ್ಕೂ ಬೆಲೆಯಿದೆ

ಶಾಲೆ-ಕಾಲೇಜು ಆರಂಭವಾಗುತ್ತಿದ್ದಂತೆ ನಮ್ಮ ಸಂಘ-ಸಂಸ್ಥೆಗಳ ಕಚೇರಿಗಳಲ್ಲಿ ವಿದ್ಯಾರ್ಥಿ ವೇತನ, ಪ್ರತಿಭಾ ಪುರಸ್ಕಾರದ ಅರ್ಜಿಗಳ ರಾಶಿ ಬೀಳುತ್ತದೆ. ಅರ್ಜಿಯ ಮೊದಲ ಷರತ್ತು ಹೆಚ್ಚಿನ ಕಡೆ ಒಂದೇ: ಶೇಕಡಾ ಇಷ್ಟು ಅಂಕ ಇರಲೇಬೇಕು. ವಾಣಿಜ್ಯ, ಮ್ಯಾನೇಜ್‌ಮೆಂಟ್, ಐಟಿ, ಗಣಿತ ಎಲ್ಲಕ್ಕೂ ಒಂದೇ ಗೆರೆ. ಆ ಗೆರೆಯ ಕೆಳಗೆ ಉಳಿಯುವವರಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಮಾಡುವ ಮಕ್ಕಳೂ ಇರುತ್ತಾರೆ. ಅವರನ್ನು ಕೆಳಗೆಳೆಯುವ ವಿಷಯಗಳಲ್ಲಿ ಮುಖ್ಯವಾದದ್ದು ರಿಯಲ್ ಅನಾಲಿಸಿಸ್.

ಹನ್ನೆರಡನೆಯ ತರಗತಿಯವರೆಗೆ ಗಣಿತವೆಂದರೆ ಲೆಕ್ಕ ಬಿಡಿಸಿ ಉತ್ತರ ತರುವುದು. ಇಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಅದು ಯಾಕೆ ಸರಿ ಎಂದು ಸಾಧಿಸಬೇಕು. ನ್ಯೂಟನ್, ಲೈಬ್‌ನಿಟ್ಸ್ ಕೊಟ್ಟ ಕ್ಯಾಲ್ಕುಲಸ್‌ಗೆ ಗಟ್ಟಿ ಅಡಿಪಾಯ ಸಿಕ್ಕಿದ್ದು 19ನೇ ಶತಮಾನದಲ್ಲಿ, ಕೋಶಿ, ವೈಯರ್‌ಸ್ಟ್ರಾಸ್ ಮೊದಲಾದವರಿಂದ. ದೊಡ್ಡ ದೊಡ್ಡ ಗಣಿತಜ್ಞರಿಗೇ ನೂರೈವತ್ತು ವರ್ಷ ಹಿಡಿದದ್ದನ್ನು ನಮ್ಮ ಮಕ್ಕಳು ಒಂದು ಸೆಮಿಸ್ಟರ್‌ನಲ್ಲಿ ಅರಗಿಸಿಕೊಳ್ಳಬೇಕು. ಮಾತಿನ ಕ್ರಮ ಬದಲಾದರೂ ಅರ್ಥ ಕೆಡುತ್ತದೆ. ‘ಪ್ರತಿ ಬಾಗಿಲಿಗೂ ಒಂದು ಬೀಗದ ಕೈ ಇದೆ’ ಎಂಬುದಕ್ಕೂ ‘ಒಂದೇ ಬೀಗದ ಕೈ ಎಲ್ಲ ಬಾಗಿಲಿಗೂ ಆಗುತ್ತದೆ’ ಎಂಬುದಕ್ಕೂ ಇರುವ ವ್ಯತ್ಯಾಸವೇ ಕಂಟಿನ್ಯುಯಿಟಿಗೂ ಯೂನಿಫಾರ್ಮ್ ಕಂಟಿನ್ಯುಯಿಟಿಗೂ ಇರುವುದು.

ಇಂಥ ವಿಷಯದ ಪರೀಕ್ಷೆ ನಡೆಯುವ ಬಗೆ ನೋಡಿ. ‘ಬೋಲ್ಜಾನೊ-ವೈಯರ್‌ಸ್ಟ್ರಾಸ್ ಪ್ರಮೇಯವನ್ನು ನಿರೂಪಿಸಿ, ಸಾಧಿಸಿ’ ಎಂಬ ಮಾದರಿಯ ಪ್ರಶ್ನೆ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹೇರಳ. ಗಟ್ಟು ಹೊಡೆದವನಿಗೆ ಪೂರ್ತಿ ಅಂಕ. ಅದರ ಬದಲು, ಬೌಂಡೆಡ್ ಎಂಬ ಷರತ್ತನ್ನು ಕಿತ್ತು ಹಾಕಿದರೆ ಏನಾಗುತ್ತದೆ, ಒಂದು ಉದಾಹರಣೆ ಕೊಡಿ ಎಂದು ಕೇಳಬಹುದಲ್ಲ? 1, 2, 3, 4 ಎಂದು ಏರುತ್ತಲೇ ಹೋಗುವ ಸರಣಿ ಸಾಕು. ಅದರಿಂದ ಯಾವ ಉಪಸರಣಿಯನ್ನು ಹೆಕ್ಕಿದರೂ ಅದು ಒಂದು ಕಡೆ ನಿಲ್ಲುವುದಿಲ್ಲ. ಎರಡು ಸಾಲಿನ ಉತ್ತರ, ಆದರೆ ಅರ್ಥವಾದವನು ಮಾತ್ರ ಬರೆಯಬಲ್ಲ. 2020ರಲ್ಲಿ ಕೊರೊನಾ ಕಾಲದಲ್ಲಿ ಬಹು ಆಯ್ಕೆ ಪ್ರಶ್ನೆಗಳ ಆನ್‌ಲೈನ್ ಪರೀಕ್ಷೆ ನಡೆಸಬೇಕಾಯಿತು. ಅದು ಅನಿವಾರ್ಯವಾಗಿತ್ತು, ಸರಿ. ಆದರೆ ಸಾಧನೆಯನ್ನು ಹಂತ ಹಂತವಾಗಿ ಬರೆಯಬಲ್ಲನೇ ಎಂಬುದು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವುದರಿಂದ ತಿಳಿಯುವುದಿಲ್ಲ.

ವ್ಯಾಖ್ಯೆಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಅದರಲ್ಲಿ ರಿಯಾಯಿತಿ ಬೇಡ. ಉಳಿದದ್ದರಲ್ಲಿ ಮೌಲ್ಯಮಾಪನ ಸಡಿಲವಾಗಲಿ. ಈ ವಿಷಯ ತಲೆಗೆ ಹತ್ತುವುದು ತಡವಾಗಿ. ಮೊದಲ ಕಿರುಪರೀಕ್ಷೆಯಲ್ಲಿ 20ಕ್ಕೆ 4 ಪಡೆದ ಹುಡುಗಿಗೆ ಕೊನೆಯ ಪರೀಕ್ಷೆಯ ಹೊತ್ತಿಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ, ಆದರೂ ಆ 4 ಅಂಕ ಅವಳ ಬೆನ್ನು ಬಿಡುವುದಿಲ್ಲ. ಕೊನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದರೆ ಅದೇ ಅಂಕ ಹಿಂದಿನದರ ಜಾಗಕ್ಕೆ ಬರಲಿ. ತಿದ್ದಿದ ಉತ್ತರಪತ್ರಿಕೆ ಕೈಗೆ ಸಿಗಲಿ, ತಪ್ಪಿದ ಸಾಧನೆಯನ್ನು ಮತ್ತೊಮ್ಮೆ ಬರೆದು ತಂದರೆ ಅದಕ್ಕೂ ಸ್ವಲ್ಪ ಅಂಕ ಇರಲಿ. ಆಂತರಿಕ ಅಂಕಗಳನ್ನು ಎಲ್ಲರಿಗೂ ಸಮನಾಗಿ ಹಂಚಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಐಐಟಿ ಬಾಂಬೆಯಂಥ ಕಡೆ ತರಗತಿಯ ಒಟ್ಟು ಮಟ್ಟ ನೋಡಿ ಎಎಯಿಂದ ಡಿಡಿವರೆಗೆ ಗ್ರೇಡ್ ಕೊಡುವ ರೂಢಿಯಿದೆ. ನೂರಾರು ಮಂದಿಯ ತರಗತಿಗೆ ಅದು ಹೊಂದುತ್ತದೆ. ಗಣಿತಕ್ಕೆ ಹತ್ತು-ಹನ್ನೆರಡು ಮಂದಿ ಸೇರುವ ನಮ್ಮ ಉಪನಗರದ ಕಾಲೇಜಿನಲ್ಲಿ ಹಾಗೆ ಮಾಡಿದರೆ ಒಟ್ಟಿಗೆ ಕುಳಿತು ಓದಬೇಕಾದವರು ಪರಸ್ಪರ ಪ್ರತಿಸ್ಪರ್ಧಿಗಳಾಗುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದ ಪ್ರೊ. ಎಸ್. ಕುಮರೇಸನ್ 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಬೇಸಗೆ ಶಿಬಿರದಲ್ಲಿ ಪ್ರಶ್ನೆ ಕೇಳುತ್ತ, ವಿದ್ಯಾರ್ಥಿಗಳ ಬಾಯಿಂದಲೇ ಉತ್ತರ ಬರಿಸುತ್ತ ಪಾಠ ಸಾಗುತ್ತದೆ. ಗಣಿತ ಓದುವ ಮಕ್ಕಳಿರುವ ತಂದೆ-ತಾಯಿ ಇದರ ಬಗ್ಗೆ ವಿಚಾರಿಸಿಕೊಳ್ಳಬೇಕು.

ವಿಶ್ವವಿದ್ಯಾಲಯ ನಮ್ಮ ಮಾತು ಕೇಳಲಿ, ಬಿಡಲಿ, ಅರ್ಜಿಯ ಷರತ್ತಂತೂ ನಮ್ಮ ಕೈಯಲ್ಲೇ ಇದೆ. ಯುಜಿಸಿಯ ಹತ್ತರ ಗ್ರೇಡ್ ಪಟ್ಟಿಯಲ್ಲಿ ‘ಓ’ಗೆ 10, ಪಾಸಿನ ‘ಪಿ’ಗೆ 4. ಇದನ್ನು ಹತ್ತರಿಂದ ಗುಣಿಸಿ ಶೇಕಡಾ ಎಂದು ಬರೆದುಕೊಂಡು ಬೇರೆ ಬೇರೆ ವಿಷಯದವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಕಟ್ಟಿದ ಸಂಘಗಳಿವು. ಅವರ ಅಂಕಪಟ್ಟಿಯನ್ನು ಆಗ ಯಾರೂ ಗೆರೆ ಹಾಕಿ ಅಳೆದಿರಲಿಕ್ಕಿಲ್ಲ. ಗಣಿತ, ಭೌತಶಾಸ್ತ್ರದಂಥ ಮೂಲವಿಜ್ಞಾನದವರಿಗೆ ಪ್ರತ್ಯೇಕ ಪಟ್ಟಿ ಮಾಡಿ. ತರಗತಿಯಲ್ಲಿ ಎಷ್ಟನೆಯವರು ಎಂದು ಕಾಲೇಜಿನಿಂದ ಪತ್ರ ತರಿಸಿಕೊಳ್ಳಿ. ಸಮಾಜದಲ್ಲಿ ನಿವೃತ್ತ ಗಣಿತ ಅಧ್ಯಾಪಕರು ಸಾಕಷ್ಟಿದ್ದಾರೆ, ಒಬ್ಬರನ್ನು ಆಯ್ಕೆ ಸಮಿತಿಗೆ ಕರೆದು ಅರ್ಜಿದಾರರೊಂದಿಗೆ ಹತ್ತು ನಿಮಿಷ ಮಾತನಾಡಿಸಿ. ಮುಂದಿನ ವರ್ಷದ ಅರ್ಜಿ ನಮೂನೆ ಮುದ್ರಣಕ್ಕೆ ಹೋಗುವ ಮುನ್ನ ಪದಾಧಿಕಾರಿಗಳು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಚರ್ಚೆಗಿಡಲಿ.